ಉಪ್ಪುನೀರಿನಲ್ಲಿ ಬೀಗರ ಕೊಡ

ಸಂಶಿಯ ಮಡಿವಾಳೆಪ್ಪನ ಮಗಳು ಸಾವಿತ್ರೆವ್ವ ನಾಲ್ಕು ವರಗಳನ್ನು ಬೇಡ ಅಂದವಳು. ಒಬ್ಬನ ನಗು ಸರಿಯಿಲ್ಲ, ಇನ್ನೊಬ್ಬ ಚಹಾ ಕುಡಿಯುವಾಗ ಸದ್ದು ಮಾಡುತ್ತಾನೆ, ಉಳಿದಿಬ್ಬರಿಗೆ ಕಾರಣವನ್ನೂ ಹೇಳಲಿಲ್ಲ. ಐದನೆಯವನಾಗಿ ದೇವಿಕೊಪ್ಪದ ಶಂಕ್ರಪ್ಪ ಬಂದ. ಅವಲಕ್ಕಿ ತಿಂದು, ತಿಂದ ತಾಟನ್ನು ತಾನೇ ಒಳಗೆ ಒಯ್ದಿಟ್ಟ. ಇವನು ಆಗಬಹುದು ಎಂದಳು. ಅಂದಿನಿಂದ ಮಡಿವಾಳೆಪ್ಪನಿಗೆ ನಿದ್ದೆ ಹತ್ತಲಿಲ್ಲ. ಇದು ತಪ್ಪಿತೋ, ಆರನೆಯವನನ್ನು ಅವಳು ಕಣ್ಣೆತ್ತಿಯೂ ನೋಡುವುದಿಲ್ಲ ಎಂಬುದು ಹೆತ್ತವನಿಗೆ ಗೊತ್ತಿತ್ತು.

ತಪ್ಪಿಸಲೆಂದೇ ಹುಟ್ಟಿದಂತಿದ್ದವನು ಹುಡುಗನ ಅಪ್ಪ ಈರಬಸಪ್ಪ. ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣದ ತುಕ್ಕು ಕೆರೆದು ಮನೆಗೆ ಬಂದ ಮನುಷ್ಯ. ಜಗತ್ತಿನ ಎಲ್ಲ ಕೇಡಿಗೂ ತುಕ್ಕೇ ಮೂಲ ಎಂದು ನಂಬಿದ್ದ. ಬಸ್ಸು ಹತ್ತುವ ಮೊದಲು ಅದರ ತಗಡನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ. ಹೀಗಾಗಿ ಬಹಳಷ್ಟು ಬಸ್ಸುಗಳು ಅವನನ್ನು ಬಿಟ್ಟೇ ಹೋಗುತ್ತಿದ್ದವು.

ಅದು ಎಪ್ಪತ್ತನಾಲ್ಕನೆಯ ಇಸವಿ. ಮದುವೆಗೆ ತಾಮ್ರದ ಕೊಡ ಕೊಡುವುದು ಹೋಗಿ ಸ್ಟೀಲಿನ ಕೊಡ ಬಂದಿತ್ತು. ಯಾವ ಕೊಡವಾದರೇನು, ಅದರ ಹೊಟ್ಟೆಯ ಮೇಲೆ ಕೊಟ್ಟವರ ಹೆಸರು ಕೆತ್ತಿಸದಿದ್ದರೆ ಕೊಟ್ಟದ್ದು ಕೊಟ್ಟಂತೆಯೇ ಅಲ್ಲ. ಮಡಿವಾಳೆಪ್ಪ ಪೇಟೆಯಲ್ಲಿ ಹೆಸರು ಕೆತ್ತುವ ಬಾಬಾಸಾಬನ ಹತ್ತಿರ ಹೋಗಿ ತನ್ನ ಹೆಸರು, ಅಡ್ಡಹೆಸರು, ಊರು ಎಲ್ಲ ಹಾಕಿಸಿಕೊಂಡು ಬಂದು ಬೀಗರ ಮುಂದೆ ಇಟ್ಟ. ಈರಬಸಪ್ಪ ಕೊಡವನ್ನು ಬಡಿದ, ಮೂಸಿದ, ಅದರ ಬಾಯಿಗೆ ಕಿವಿಯಿಟ್ಟು ಕೇಳಿದ. ಆಮೇಲೆ ತೀರ್ಪು ಕೊಟ್ಟ. ಒಂಬತ್ತು ದಿನ ಇದನ್ನು ಉಪ್ಪುನೀರಿನಲ್ಲಿ ಇಡಬೇಕು, ತುಕ್ಕು ಬಂದರೆ ಸಂಬಂಧ ಇಲ್ಲ.

"ಕಬ್ಬಿಣಕ್ಕ ಬರೇ ನೀರು ಏನೂ ಮಾಡಂಗಿಲ್ರಿ, ಬರೇ ಗಾಳಿನೂ ಏನೂ ಮಾಡಂಗಿಲ್ಲ," ಎಂದ. "ಎರಡೂ ಕೂಡಿದ್ವು ಅಂದ್ರ ತಿಂದು ಹಾಕತಾವ. ಉಪ್ಪು ನಡುವಿನ ದಲಾಲಿ ಇದ್ದಂಗ."

ಇದಕ್ಕೂ ಮದುವೆಗೂ ಏನು ಸಂಬಂಧ ಮಾರಾಯ ಎಂದು ಕೇಳುವ ಧೈರ್ಯ ಹೆಣ್ಣು ಹೆತ್ತವನಿಗೆ ಎಲ್ಲಿಂದ ಬರಬೇಕು? ಊರ ಬಾಗಿಲಾದ ಅಗಸಿಯ ಬಾಜು ದನಗಳಿಗೆ ನೀರುಣಿಸುವ ಕಲ್ಲಿನ ಬಾನಿಯೊಂದಿತ್ತು. ಅದರಲ್ಲಿ ಉಪ್ಪು ಕದಡಿ, ನೀರೂ ಗಾಳಿಯೂ ಎರಡೂ ತಾಗಲಿ ಎಂದು ಕೊಡವನ್ನು ಅರ್ಧ ಮುಳುಗಿಸಿ ಮಲಗಿಸಿದರು. ಎರಡನೆಯ ದಿನವೇ ಭರಮಪ್ಪನ ಎಮ್ಮೆ ಉಪ್ಪಿನ ವಾಸನೆ ಹಿಡಿದು ಬಂದು ಪರೀಕ್ಷೆಯನ್ನೆಲ್ಲ ಕುಡಿದುಬಿಟ್ಟಿತು. ಈರಬಸಪ್ಪ ಮತ್ತೆ ಒಂದರಿಂದ ಎಣಿಸಲು ಸುರುಮಾಡಿದ. ಎಮ್ಮೆ ಕಾಯಲು ಮಗನನ್ನೇ ಬಾನಿಯ ಹತ್ತಿರ ಕೂಡಿಸಿದ.

ಅಪ್ಪ ಮಗ ಇಳಿದುಕೊಂಡದ್ದು ಮಠದಲ್ಲಿ, ಊಟ ಮಡಿವಾಳೆಪ್ಪನ ಮನೆಯಿಂದ. ಶಂಕ್ರಪ್ಪನ ಬುತ್ತಿಯನ್ನು ಸಾವಿತ್ರೆವ್ವ ಒಯ್ಯುತ್ತಿದ್ದಳು. ಎರಡು ರೊಟ್ಟಿ ತಿನ್ನಲು ಅವನಿಗೆ ಎರಡು ತಾಸು ಬೇಕಾಗುತ್ತಿತ್ತು.

ಐದನೆಯ ದಿನ ಮುಂಜಾನೆ ಈರಬಸಪ್ಪ ಮೂಗಿಗೆ ಚಾಳೀಸು ಏರಿಸಿ ಬಗ್ಗಿದವನು ಹಾಗೆಯೇ ನಿಂತ. ಕೊಡ ಥಳಥಳ ಹೊಳೆಯುತ್ತಿತ್ತು. ಅದರ ಮೇಲಿನ ಅಕ್ಷರಗಳು ಮಾತ್ರ ಕೆಂಪಾಗಿದ್ದವು. ಸ್ಟೀಲಿಗೆ ತುಕ್ಕಿಲ್ಲ, ಮಡಿವಾಳೆಪ್ಪನಿಗೆ ತುಕ್ಕು. ಅಯ್ಯೋ ಶಿವನೇ, ಊರು ಎಂದೂ ಕಾಣದ ಪಂಚಾಯ್ತಿ ಅಂದು ಅಗಸಿಯಲ್ಲಿ ಕೂಡಿತು. ಹೆಸರು ಬದಲು ಮಾಡಿಕೋ ಎಂದು ಒಬ್ಬ ಮಡಿವಾಳೆಪ್ಪನಿಗೆ ಹೇಳಿದ. ಇನ್ನೊಬ್ಬ ಅವನ ಹಣೆ ಮುಟ್ಟಿ ನೋಡಿ ಬೆರಳನ್ನು ಧೋತರಕ್ಕೆ ಒರಸಿಕೊಂಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ, ಕೊಡಕ್ಕೆ ಹೋದದ್ದು ಬರುತ್ತದೆಯೇ? ಮಡಿವಾಳೆಪ್ಪ ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ತನ್ನ ತೋಳನ್ನು ಉಗುರಿನಿಂದ ಕೆರೆದುಕೊಂಡ.

ಸುದ್ದಿ ತಿಳಿದು ಬಾಬಾಸಾಬ ಉಳಿ ಸುತ್ತಿಗೆ ಹಿಡಿದೇ ಬಂದ. ತುಕ್ಕು ಕೊಡದ್ದೂ ಅಲ್ಲ, ಮಡಿವಾಳೆಪ್ಪನದೂ ಅಲ್ಲ, ತನ್ನ ಉಳಿಯದು ಎಂದ. ಉಳಿ ಬರೀ ಕಬ್ಬಿಣ. ಬಡಿಯುವಾಗ ಅದರ ಸಣ್ಣ ಪುಡಿ ಅಕ್ಷರದೊಳಗೆ ಕೂತಿರುತ್ತದೆ, ಉಪ್ಪುನೀರಿಗೆ ಅದೇ ಕೆಂಪಾಗುತ್ತದೆ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಹೆಸರು ಕೆತ್ತುವವನು ಬುದ್ಧಿ ಹೇಳುವುದೇ? ಅದೇ ಉಳಿಯಿಂದ ಕೊಡದ ಆಚೆ ಮಗ್ಗುಲಿಗೆ ತನ್ನ ಹೆಸರು ಕೆತ್ತಬೇಕು, ಅದೂ ಆಳವಾಗಿ, ಅದಕ್ಕೆ ತುಕ್ಕು ಹೇಗೆ ಬರುತ್ತದೋ ನೋಡೋಣ ಎಂದು ಈರಬಸಪ್ಪ ಪಟ್ಟು ಹಿಡಿದ. ಬಾಬಾಸಾಬ ಕೆತ್ತಿದ. ಮತ್ತೆ ಐದು ದಿನ ಕಾದರು. ಆಳ ಕೆತ್ತಿದ್ದಕ್ಕೆ ಈರಬಸಪ್ಪನ ಹೆಸರು ಮಡಿವಾಳೆಪ್ಪನದಕ್ಕಿಂತ ಹೆಚ್ಚು ಕೆಂಪಾಯಿತು.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಡಿವಾಳೆಪ್ಪನೂ ಗೆದ್ದೆ ಎಂದುಕೊಂಡ. ಆದರೆ ಈರಬಸಪ್ಪ ನಗಲಿಲ್ಲ. ಎರಡೂ ಮನೆತನಕ್ಕೆ ತುಕ್ಕು ಇದೆ, ಎರಡು ತುಕ್ಕು ಕೂಡಿಸಿದರೆ ಮೊಮ್ಮಕ್ಕಳ ಗತಿ ಏನು ಎಂದು ಚೀಲ ಎತ್ತಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಡಿವಾಳೆಪ್ಪ ಎಲ್ಲರ ಮುಂದೆ ನೆಲಕ್ಕೆ ಕೂತು, ಮಗಳ ಹೆಸರು ಹೇಳಿ ಹೇಳಿ ಅತ್ತ.

ಆ ಹೊತ್ತಿಗೆ ಸಾವಿತ್ರೆವ್ವ ಬುತ್ತಿಗಂಟು ಹಿಡಿದು ಬಂದಳು. ಅಪ್ಪನನ್ನು ನೋಡಿದಳು, ಕೊಡ ನೋಡಿದಳು.

"ಮಾವಾರ, ಕೊಡಾ ಪರೀಕ್ಷಾ ಮಾಡಿದ್ರಿ, ಹೆಸರು ಪರೀಕ್ಷಾ ಮಾಡಿದ್ರಿ," ಎಂದಳು. "ನಾ ಬಾಳೇವು ಮಾಡೂದು ಕೊಡದ ಜೋಡಿ ಅಲ್ಲ. ನಿಮ್ಮ ಮಗನ್ನ ಇದರಾಗ ನಿಂದ್ರಸ್ರಿ, ನೋಡೂಣು."

ಚಾಷ್ಟಿ ಮಾಡುತ್ತಾಳೆ ಎಂದು ತಿಳಿದು ಜನ ನಕ್ಕರು. ಶಂಕ್ರಪ್ಪ ಹಾಗೆ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು, ಧೋತರವನ್ನು ಮೊಣಕಾಲಿಗೆ ಏರಿಸಿ, ಬಾನಿಗೆ ಇಳಿದು ಕೊಡದ ಪಕ್ಕ ನಿಂತ. ಮಾಘ ಮಾಸದ ಥಂಡಿ. ಹೊರಗೆ ಬಾರೋ ಎಂದು ಅಪ್ಪ ಬೈದ, ರಮಿಸಿದ. ಒಂಬತ್ತು ದಿನ ಅಂದವರು ನೀವೇ ಅಲ್ಲವೇ ಎಂದು ಮಗ ನಿಂತೇ ಇದ್ದ. ಈರಬಸಪ್ಪ ಮೂರು ಬಸ್ಸು ಬಿಟ್ಟ. ತಾಸಿಗೊಮ್ಮೆ ಬಂದು ಬಗ್ಗಿ, ಮಗನ ಕಾಲನ್ನು ಹೆಬ್ಬೆರಳಿನಿಂದ ತಿಕ್ಕಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೆಂಪು ಹತ್ತಲಿಲ್ಲ. ಹೊತ್ತು ಇಳಿಯುವಾಗ ಹುಡುಗನ ಹಲ್ಲು ಕಟಕಟ ಅನ್ನತೊಡಗಿತು. ಆದರೂ ಅವನ ಕಣ್ಣು ಸಾವಿತ್ರೆವ್ವನನ್ನು ಬಿಟ್ಟಿರಲಿಲ್ಲ. ಕಡೆಯ ಸಲ ಬಗ್ಗಿದ ಈರಬಸಪ್ಪ ಬೆರಳು ನೋಡಿಕೊಳ್ಳಲಿಲ್ಲ. ಆ ತಣ್ಣನೆಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟ.

"ಇದಕ್ಕ ತುಕ್ಕಿಲ್ಲ ಬಿಡ್ರಿ," ಎಂದ ಕೊನೆಗೆ. "ಬೀಗರ, ತಾರೀಖು ಹೇಳ್ರಿ."

ಮಡಿವಾಳೆಪ್ಪ ಬೆರಳು ಮಡಚಿ ದಿನ ಎಣಿಸತೊಡಗಿದ. ಬರುವ ಸೋಮವಾರ ಎಂದು ಸಾವಿತ್ರೆವ್ವನೇ ಹೇಳಿದಳು.

ಈರಬಸಪ್ಪ ತನ್ನ ಶಾಲನ್ನು ಮಗನಿಗೆ ಹೊದಿಸಿ, ಇನ್ನು ಹೊರಗೆ ಬಾ ಎಂದು ಕೈ ಚಾಚಿದ. ಶಂಕ್ರಪ್ಪ ಶಾಲನ್ನು ಹೊದ್ದುಕೊಂಡ, ಕೈ ಮಾತ್ರ ಹಿಡಿಯಲಿಲ್ಲ.

"ಇವತ್ತ ಇನ್ನಾ ಶುಕ್ರವಾರ ಐತಿ," ಎಂದ. "ಸೋಮವಾರದ ತನಕಾ ನಾ ಇಲ್ಲೇ ನಿಲ್ಲತೇನಿ. ನಮ್ಮಪ್ಪನ್ನ ನಂಬೂಹಂಗಿಲ್ಲ."