ಎಡಚಕ್ರ ಕಚ್ಚಿದ ಕಾರು

ಬಲಗೈ ಮುರಿದು ಪ್ಲಾಸ್ಟರ್ ಬಿದ್ದ ಮೇಲೆ ಮೇಸ್ತ್ರಿಗೆ ಗ್ಯಾರೇಜಿನಲ್ಲಿ ಉಳಿದಿದ್ದು ಬಾಯೊಂದೇ. ಅದಕ್ಕೆ ಮಾತ್ರ ರಜೆ ಇರಲಿಲ್ಲ. ಸ್ಪ್ಯಾನರ್ ಹಿಡಿಯುತ್ತಿದ್ದವಳು ಸೊಸೆ. ಮದುವೆಗೆ ಮುಂಚೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವಳು. ಅಡುಗೆಮನೆಗಿಂತ ಗ್ಯಾರೇಜೇ ಅವಳಿಗೆ ಒಗ್ಗಿತ್ತು.

ಅಂದು ಬೇಕರಿಯವನು ತನ್ನ ಅಪ್ಪನ ಕಾಲದ ಕಾರು ತಂದು ನಿಲ್ಲಿಸಿದ. ಮುಂದಿನ ಎಡಚಕ್ರದಿಂದ ಸುಟ್ಟ ವಾಸನೆ ಗಮ್ಮೆಂದು ಬರುತ್ತಿತ್ತು.

"ಗಾಡಿ ಎಳೀತಾನೇ ಇಲ್ಲ ಮೇಸ್ತ್ರಿ. ಯಾರೋ ಹಿಂದಿನಿಂದ ಜಗ್ಗಿ ಹಿಡ್ಕೊಂಡ ಹಾಗಿದೆ."

"ಬ್ರೇಕ್ ಜಾಮ್. ಕ್ಯಾಲಿಪರ್ ಪಿಸ್ಟನ್ ತುಕ್ಕು ಹಿಡಿದು ಕಚ್ಕೊಂಡಿದೆ," ಎಂದರು ಮೇಸ್ತ್ರಿ, ಕೂತಲ್ಲಿಂದಲೇ. "ಹೊಸದು ತರಿಸಮ್ಮ."

"ಒಂದ್ನಿಮಿಷ ಮಾವ, ನೋಡ್ಬಿಡ್ತೀನಿ."

ಚಕ್ರ ಆರುವವರೆಗೆ ಕಾದು, ಜಾಕಿ ಕೊಟ್ಟು ಎತ್ತಿದಳು. ಬ್ರೇಕ್ ತುಳಿದು ಬಿಟ್ಟು ಬಂದು ತಿರುಗಿಸಿದರೆ ಚಕ್ರ ಜಪ್ಪಯ್ಯ ಎನ್ನಲಿಲ್ಲ. ಚಕ್ರವನ್ನು ಅಮುಕಿ ಹಿಡಿಯುವ ಕ್ಯಾಲಿಪರಿನ ಮೇಲಿದ್ದ, ಆಯಿಲ್ ಹೊರಬಿಡುವ ಬ್ಲೀಡರ್ ಸ್ಕ್ರೂ ಸಡಿಲಿಸಿದಳು. ಬ್ರೇಕ್ ಆಯಿಲ್ ಚಿಲ್ಲನೆ ಚಿಮ್ಮಿತು. ಚಕ್ರ ಸಲೀಸಾಗಿ ತಿರುಗಿತು.

"ಪಿಸ್ಟನ್ ಕಚ್ಚಿದ್ರೆ ಆಯಿಲ್ ಬಿಟ್ರೂ ಚಕ್ರ ಬಿಡ್ತಿರ್ಲಿಲ್ಲ ಮಾವ. ಒತ್ತಡ ಎಲ್ಲೋ ಸಿಕ್ಕಾಕ್ಕೊಂಡಿದೆ."

ಮೇಸ್ತ್ರಿಗೆ ಚುರುಕ್ ಎಂದಿತು. "ಹಾಗಾದ್ರೆ ಮೇಲೆ ಪೆಡಲ್ ಹತ್ರದ ಮಾಸ್ಟರ್ ಸಿಲಿಂಡರ್!"

ಅವಳು ಸ್ಕ್ರೂ ಬಿಗಿಮಾಡಿ, ಮತ್ತೆ ಬ್ರೇಕ್ ತುಳಿದು ಬಿಟ್ಟು ಬಂದು, ಈ ಸಲ ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸಿನ ಮೇಲ್ತುದಿಯ ಜಾಯಿಂಟ್ ಸಡಿಲಿಸಿದಳು. ಎರಡು ತೊಟ್ಟು ಬಿತ್ತು, ಅಷ್ಟೇ. ಚಕ್ರ ಬಿಗಿದೇ ಇತ್ತು.

ಮೇಸ್ತ್ರಿ ಕೂತಲ್ಲೇ ಮುಂದಕ್ಕೆ ಬಾಗಿ ಲೆಕ್ಕ ಹಾಕಿದರು. ತೊಂದರೆ ಜಾಯಿಂಟಿಗಿಂತ ಕೆಳಗಿದೆ, ಪಿಸ್ಟನ್ನಿಗಿಂತ ಮೇಲಿದೆ. ಉಳಿದದ್ದು ಒಂದೇ.

ಸೊಸೆ ಹೋಸ್ ಬಿಚ್ಚಿ ಬ್ಲೇಡಿನಿಂದ ಸೀಳಿದಳು. ಹೊರಗೆ ಥಳಕು, ಒಳಗೆ ಹುಳುಕು: ರಬ್ಬರ್ ಊದಿಕೊಂಡು ತೂತು ಸೂಜಿಮೊನೆಯಷ್ಟಾಗಿತ್ತು.

"ನಾವು ತುಳಿದಾಗ ಆಯಿಲ್ ನುಗ್ಗಿ ಹೋಗುತ್ತೆ. ವಾಪಸ್ ಬರೋಕೆ ದಾರೀನೇ ಇಲ್ಲ ನೋಡಿ."

ಮೇಸ್ತ್ರಿ ಆ ತುಂಡನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ತಾನು ಸೋತೆ ಅನಿಸಬೇಕಿತ್ತು. ಅನಿಸಲಿಲ್ಲ, ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾದಂತಾಯಿತು. ಎದ್ದು ಬೇಕರಿಯವನಿಗೆ ತೋರಿಸಿದರು. ಅಷ್ಟಕ್ಕೇ ಬಿಡದೆ ಪಕ್ಕದ ಪಂಕ್ಚರ್ ಅಂಗಡಿಗೂ, ಎದುರಿನ ಟೀ ಅಂಗಡಿಗೂ ಹೋದರು.

"ನಾನು ಪಿಸ್ಟನ್ ಅಂದೆ. ತಪ್ಪು! ಹಿಡಿದದ್ದು ನನ್ನ ಸೊಸೆ."

ಮೇಸ್ತ್ರಿ ಬಾಯಲ್ಲಿ 'ತಪ್ಪು' ಎಂಬ ಮಾತು ಕೇಳಿ ಟೀಯವನು ಸೋಸುವುದನ್ನೇ ಮರೆತ.

ಮುಂದಿನ ಎರಡೂ ಚಕ್ರಗಳಿಗೆ ಹೊಸ ಹೋಸ್ ಹಾಕಿ, ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿ ತೆಗೆದು, ಸೊಸೆ ಕಾರನ್ನು ಒಂದು ಸುತ್ತು ಓಡಿಸಿ ತಂದಳು. ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿ ಇಳಿದವರೇ ಚಕ್ರ ಮುಟ್ಟಿ ನೋಡಿದರು. ತಣ್ಣಗಿತ್ತು.

ಬೇಕರಿಯವನು ಹೊರಡುತ್ತಾ, "ಕ್ಲಚ್ಚೂ ಸ್ವಲ್ಪ ಜಾರುತ್ತೆ ಮೇಸ್ತ್ರಿ. ಯಾವಾಗ ತರ್ಲಿ?" ಎಂದ.

"ನನ್ನನ್ನೇನು ಕೇಳ್ತೀಯಪ್ಪ? ಮೇಸ್ತ್ರಿ ಅಲ್ಲಿದ್ದಾಳೆ, ಕೇಳು."

ಸೊಸೆ ಕೈಯ ಜಿಡ್ಡು ಒರೆಸಿಕೊಳ್ಳುತ್ತಾ ನಕ್ಕಳು. "ನಾಳೆ ತನ್ನಿ. ಮಾವ, ನೀವು ಮೊದಲು ಊಟಕ್ಕೆ ನಡೀರಿ."