ಅರ್ಧ ಕಳೆಯದ ತೊಂಬತ್ತಾರು

ನಾನು ಬೀರು ಹೊರುವವನು. ಬೀರು, ಫ್ರಿಜ್ಜು, ಮಂಚ, ಲಿಫ್ಟಿಗೆ ಹಿಡಿಸದ್ದು ಏನೇ ಇರಲಿ, ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸುತ್ತೇನೆ. ಒಮ್ಮೆ ಏಳನೇ ಮಹಡಿಯಲ್ಲಿ ಬೀರು ಇಳಿಸಿ ಬಾಗಿಲು ತೆಗೆದರೆ, ಒಳಗೆ ಆ ಮನೆಯ ಅಜ್ಜಿ ಗೊರಕೆ ಹೊಡೆಯುತ್ತಿದ್ದರು. ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಮನೆಯಲ್ಲಂತೂ ಅದಕ್ಕೊಂದು ಕಾಯಿದೆಯೇ ಇದೆ: ಅಣ್ಣ ಏನೇ ಹೇಳಿದರೂ ಅರ್ಧ ಕಳೆ. ಕಾಯಿದೆ ಮಾಡಿದವಳು ನನ್ನ ತಂಗಿ. ಅವಳ ಲೆಕ್ಕದಲ್ಲಿ ಏಳನೇ ಮಹಡಿ ಅಂದರೆ ಮೂರೂವರೆ, ಅಜ್ಜಿ ಅಂದರೆ ಬೆಕ್ಕು.

ತಂಗಿ ಬಟ್ಟೆ ಹೊಲಿಯುತ್ತಾಳೆ. ನನ್ನ ಭುಜಕ್ಕೆ ಅಂಗಡಿಯ ರೆಡಿಮೇಡ್ ಅಂಗಿ ಯಾವುದೂ ಹಿಡಿಸುವುದಿಲ್ಲ, ಹಾಗಾಗಿ ನನ್ನ ಅಂಗಿಗಳನ್ನೆಲ್ಲ ಅವಳೇ ಹೊಲಿಯುವುದು. ಅಳತೆ ಮಾತ್ರ ನನ್ನನ್ನು ಕೇಳುವುದಿಲ್ಲ. ಟೇಪು ಹಿಡಿದು ತಾನೇ ತೆಗೆಯುತ್ತಾಳೆ.

ಅವಳ ಎರಡು ಕಿಡ್ನಿಯೂ ಕೈಕೊಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರಕ್ಕೆ ಕೈ ಚಾಚಿ ಮಲಗಬೇಕು. ಗಂಡನ ರಕ್ತ ಅವಳಿಗೆ ಹೊಂದಲಿಲ್ಲ, ನನ್ನದು ಹೊಂದಿತು. ಡಾಕ್ಟರಮ್ಮನ ಮುಂದೆ ಎದೆ ತಟ್ಟಿಕೊಂಡು, "ಒಂದೇನು, ಎರಡೂ ತಗೊಳ್ಳಿ!" ಅಂದೆ.

"ಒಂದು ಸಾಕು. ಮೊದಲು ಅದು ಹೇಗಿದೆ ನೋಡೋಣ," ಅಂದರು.

ರಕ್ತ ತೆಗೆದರು. ಮೂರನೇ ದಿನ ತಂಗಿ ಯಂತ್ರದ ಪಕ್ಕ ಮಲಗಿದ್ದಾಗ ಡಾಕ್ಟರಮ್ಮ ಅಲ್ಲಿಗೇ ಕಾಗದ ಹಿಡಿದು ಬಂದರು. ಹುಬ್ಬು ಗಂಟಿಕ್ಕಿತ್ತು.

"ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತೆ ಅಂತ ರಕ್ತ ನೋಡಿ ಒಂದು ಅಂದಾಜು ಹಾಕ್ತೀವಿ. ನಿಮ್ದು ಐವತ್ತೆಂಟು. ನಮ್ಮಲ್ಲಿ ಕೊಡೋರಿಗೆ ತೊಂಬತ್ತಾದ್ರೂ ಇರ್ಬೇಕು."

"ಐವತ್ತೆಂಟಾ? ಬೆಳಿಗ್ಗೆಯಿಂದ ಆರು ಫ್ರಿಜ್ಜು ಹತ್ತಿಸಿ ಬಂದಿದೀನಿ ಅಮ್ಮ!"

"ಮೂರು," ಅಂದಳು ತಂಗಿ ಕಣ್ಣು ಮುಚ್ಚಿಕೊಂಡೇ.

"ತೊಂದರೆ ಅದೇ ಇರ್ಬಹುದು," ಅಂದರು ಡಾಕ್ಟರಮ್ಮ. "ಮಾಂಸಖಂಡದಿಂದ ರಕ್ತಕ್ಕೆ ಒಂದು ಥರ ಕಸ ಬರುತ್ತೆ. ಅದು ಜಾಸ್ತಿ ಕಂಡ್ರೆ ಕಿಡ್ನಿ ಸೋಸ್ತಿಲ್ಲ ಅಂತ ಈ ಅಂದಾಜಿನ ಲೆಕ್ಕ ತಿಳ್ಕೊಳ್ಳುತ್ತೆ. ನಿಮ್ಮಂಥ ಮೈಯಲ್ಲಿ ಕಸ ಹುಟ್ಟೋದೇ ಜಾಸ್ತಿ. ಅದೇ ಹಾಸಿಗೆ ಹಿಡಿದ ಮುದುಕಿ ಮೈಯಲ್ಲಿ ಮಾಂಸನೇ ಇರಲ್ಲ, ಕಸ ಕಮ್ಮಿ. ಕಿಡ್ನಿ ಸೋತಿದ್ರೂ ಭಾರಿ ಚೆನ್ನಾಗಿದೆ ಅನ್ನುತ್ತೆ ಈ ಲೆಕ್ಕ. ಮಕ್ಕಳಿಗೆ ಬೇರೆ ಲೆಕ್ಕ. ಬಸುರಿಯರಿಗಂತೂ ಇದು ನಡೆಯೋದೇ ಇಲ್ಲ."

ತಂಗಿ ನಕ್ಕಳು. "ರೆಡಿಮೇಡ್ ನಿಂಗೆ ಯಾವತ್ತು ಹಿಡಿಸಿದೆ ಅಣ್ಣ? ನೋಡು, ಲೆಕ್ಕಕ್ಕೂ ನಮ್ಮನೆ ಕಾಯಿದೆ ಗೊತ್ತಾಗಿದೆ. ಅರ್ಧ ಕಳೆದುಬಿಟ್ಟಿದೆ."

ಡಾಕ್ಟರಮ್ಮ ನನ್ನ ಕೈಗೊಂದು ಕ್ಯಾನು ಕೊಟ್ಟರು. ಇಪ್ಪತ್ತನಾಲ್ಕು ಗಂಟೆ ಮೂತ್ರವನ್ನೆಲ್ಲ ಅದರಲ್ಲೇ ಹಿಡಿಯಬೇಕು, ಹನಿಯೂ ಹೊರಗೆ ಹೋಗಬಾರದು; ಅದರಲ್ಲಿ ಎಷ್ಟು ಕಸ ಬಂತು ಎಂದು ನೋಡಿ ಮತ್ತೆ ಲೆಕ್ಕ ಹಾಕುತ್ತಾರಂತೆ. ಮರುದಿನ ಬೆನ್ನ ಮೇಲೆ ಬೀರು, ಕೈಯಲ್ಲಿ ಕ್ಯಾನು. ಎಷ್ಟು ಮಹಡಿ ಹತ್ತಿಸಿದರೂ ಕ್ಯಾನು ಅರ್ಧ ದಾಟಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ, ಸರಿ. ಆದರೆ ಅರ್ಧ ಕ್ಯಾನು ತೊಂಬತ್ತು ಮುಟ್ಟೀತೇ? ಸಂಜೆ ತಂಗಿಯ ಮನೆಯಲ್ಲಿ ಅದನ್ನು ಮುಂದಿಟ್ಟುಕೊಂಡು ತಲೆ ಮೇಲೆ ಕೈಹೊತ್ತು ಕೂತೆ. ಅವಳ ಗಂಡ ಬೀಗ ರಿಪೇರಿ ಮಾಡುವವನು, ಗಾಳಿ ಬೀಸಿದರೆ ಬಾಗಿಲು ಹಿಡಿದು ನಿಲ್ಲುವಷ್ಟು ಸಣಕಲು. ಸ್ವಲ್ಪ ಹೊತ್ತು ಕ್ಯಾನನ್ನೇ ನೋಡಿದ.

"ಭಾವ, ನನ್ನ ರಕ್ತ ಅಂತೂ ಅವಳಿಗೆ ಹೊಂದಲಿಲ್ಲ. ಇದಾದ್ರೂ ಹೊಂದ್ಲಿ," ಎಂದು ಅದನ್ನೆತ್ತಿಕೊಂಡು ಬಚ್ಚಲಿಗೆ ಹೋದ. ನಾನು ಬೇಡ ಅನ್ನಲಿಲ್ಲ, ಬೆಳಗಾಗುವವರೆಗೂ ಅವನದೂ ಅದಕ್ಕೇ ಸೇರಿತು.

ಎರಡು ದಿನ ಬಿಟ್ಟು ಡಾಕ್ಟರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನೂರೈವತ್ತು ಬಂದಿದೆ."

"ನಾನು ಹೇಳಿರ್ಲಿಲ್ವಾ!"

"ಮೈಕಟ್ಟಿಗೆ ತಕ್ಕಷ್ಟೇ ಕಸ ಬರೋದು. ಈ ಕ್ಯಾನಲ್ಲಿ ಒಂದೂವರೆ ಆಳು ಇದ್ದಾರೆ."

ಆ ಅರ್ಧ ಆಳು ಬಾಗಿಲ ಹಿಂದೆ ನಿಂತು ಕೆಮ್ಮಿದ.

ಡಾಕ್ಟರಮ್ಮ ನಗಲಿಲ್ಲ. "ಇದನ್ನ ನಂಬಿ ನಿಮ್ಮ ಕಿಡ್ನಿ ತೆಗೆದು, ನಿಮಗೆ ಉಳಿದದ್ದು ಸೋತ್ರೆ? ತಂಗಿ ಮಂಚದ ಪಕ್ಕ ಇನ್ನೊಂದು ಮಂಚ ಹಾಕ್ಬೇಕಾಗುತ್ತೆ. ಅದನ್ನ ಅವರು ನೋಡ್ಬೇಕಾ?"

"ತಪ್ಪಾಯ್ತಮ್ಮ," ಅಂದೆ. ಅದರಲ್ಲಿ ಕಳೆಯಲು ಏನೂ ಇರಲಿಲ್ಲ. ಅವರಿಗೂ ಅದು ಗೊತ್ತಾಯಿತೇನೋ, ದನಿ ಮೆತ್ತಗಾಯಿತು.

"ಇನ್ನೊಂದು ದಾರಿ ಇದೆ. ನರಕ್ಕೆ ಒಂದು ಔಷಧಿ ಕೊಡ್ತೀವಿ. ಅದಕ್ಕೂ ಮೈಕಟ್ಟಿಗೂ ಸಂಬಂಧ ಇಲ್ಲ. ಕಿಡ್ನಿ ಎಷ್ಟು ಬೇಗ ಅದನ್ನ ಖಾಲಿ ಮಾಡುತ್ತೆ ಅಂತ ಗಂಟೆಗೊಂದು ಸಲ ರಕ್ತ ತೆಗೆದು ನೋಡೋದು. ಇದು ಅಂದಾಜಲ್ಲ, ಅಳತೆ."

"ಟೇಪು ಹಿಡಿದ ಹಾಗೆ," ಅಂದೆ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುರ್ಚಿಯಲ್ಲಿ ಕೂತೆ. ನಾಲ್ಕು ಸಲ ಸೂಜಿ. ನರ್ಸಿಗೆ ಒಂದು ಕತೆಯನ್ನೂ ಹೇಳಲಿಲ್ಲ, ಎಲ್ಲಿ ಅಳತೆಯೂ ಉಬ್ಬಿಬಿಡುತ್ತದೋ ಎಂಬ ಭಯ.

ತೊಂಬತ್ತಾರು ಬಂತು.

ಕಾಗದ ಹಿಡಿದು ತಂಗಿಯ ಅಂಗಡಿಗೆ ಓಡಿದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. "ತೊಂಬತ್ತಾರು ಕಣೇ!" ಎಂದು ಕೂಗಿದೆ.

ಪೆಡಲು ನಿಂತಿತು. ಅವಳ ತುಟಿ ಸದ್ದಿಲ್ಲದೆ ಅಲುಗಿತು. ಕಣ್ಣು ತುಂಬಿಬಂತು.

"ನಲವತ್ತೆಂಟಾ..." ಅಂದಳು. "ಹೋಗ್ಲಿ ಬಿಡಣ್ಣ. ನಾನು ಹೀಗೇ ಇರ್ತೀನಿ. ನೀನು ನಿನ್ನ ಆರೋಗ್ಯ ನೋಡ್ಕೋ."

"ಏ ಹುಡುಗಿ, ಕಳೀಬೇಡ ಕಣೇ! ಈ ಒಂದು ಸಲ ಕಳೀಬೇಡ!"

ಕಾಗದ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು. "ಇದರಲ್ಲಿ ನನ್ನ ಗಂಡನ ಪಾಲೆಷ್ಟು?"

ಬೇರೆ ದಾರಿಯಿರಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಹಚ್ಚಿ ಅವಳ ಕಿವಿಗೆ ಹಿಡಿದೆ. ಒಳಗಿನಿಂದ ದನಿ ನನಗೂ ಕೇಳಿಸಿತು: "ತೊಂಬತ್ತಾರಮ್ಮ. ಪೂರ್ತಿ ಅವರದೇ."

ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು, ಕೊರಳಿನ ಟೇಪು ತೆಗೆದಳು. "ಕೈ ಎತ್ತು."

"ಈಗ್ಯಾಕೆ?"

"ಆಪರೇಷನ್ ಆದ್ಮೇಲೆ ಗಾಯಕ್ಕೆ ಬಿಗಿ ಅಂಗಿ ಒತ್ತುತ್ತೆ. ಎಡಗಡೆ ಸಡಿಲ ಬಿಟ್ಟು ಹೊಲೀತೀನಿ."

ಕೈ ಎತ್ತಿದೆ. ಅವಳು ಟೇಪನ್ನು ಎದೆಯ ಸುತ್ತ ತಂದು, ತುದಿ ಕೂಡಿಸಿ, ತಲೆಯೆತ್ತಿ ನನ್ನ ಮುಖ ನೋಡಿದಳು.

"ಉಬ್ಬಿಸ್ಬೇಡ ಅಣ್ಣ. ಉಸಿರು ಬಿಡು."

ಬಿಟ್ಟೆ. ಆದರೂ ಟೇಪು ಸಡಿಲವಾಗಲಿಲ್ಲ.