ವರ್ಡೀ ಮಹಡಿ ಹತ್ತಿದ ದಿನ

ಊರಿಗೆಲ್ಲ ಕಾಗದ ಹಂಚುವವಳು ತನಗೆ ಬಂದ ಕಾಗದವನ್ನೇ ಒಡೆದು ನೋಡದಿದ್ದರೆ ಏನೆನ್ನಬೇಕು? ನಮ್ಮ ವರ್ಡೀ ಹ್ಯಾಮ್ರಿಕ್ ಹಾಗೇ ಮಾಡಿದಳು. ಇಪ್ಪತ್ತಾರು ವರ್ಷದಿಂದ ವೆಸ್ಟ್ ವರ್ಜೀನಿಯಾದ ಈ ಗುಡ್ಡಗಳಲ್ಲಿ ಅಂಚೆ ಹಂಚುತ್ತಾಳೆ. ನಾನು ನಾಡೀನ್, ಅದೇ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ವರ್ಡೀ ಅಂದರೆ ನನಗೆ ಜೀವ, ಅದಕ್ಕೇ ಬೈಯುವ ಹಕ್ಕೂ ನನಗಿದೆ.

ನವೆಂಬರಿನಲ್ಲಿ ಡೆಲ್ಬರ್ಟ್ ಶಿಂಗಲ್ಟನ್ ಅಂಚೆಯಲ್ಲಿ ಬರುವ ನೋವಿನ ಮಾತ್ರೆಗಾಗಿ ಅವಳನ್ನು ಕಾರಿನಿಂದ ಎಳೆದು ಹಾಕಿದ. ಮೂವತ್ತೆಂಟರ ಗಂಡಸು, ಮಾತ್ರೆಯ ಚಟ. ಇವಳ ಮಣಿಕಟ್ಟು ಮುರಿಯಿತು. ಅಂಚೆಯವರ ಮೇಲೆ ಕೈ ಮಾಡಿದರೆ ಅದು ಕೇಂದ್ರ ಸರ್ಕಾರದ ಕೇಸು. ನಮ್ಮ ಕಚೇರಿಯ ಮಹಡಿಯಲ್ಲೇ ಇರುವ ಫೆಡರಲ್ ಕೋರ್ಟಿನಲ್ಲಿ ಅವನು ತಪ್ಪು ಒಪ್ಪಿಕೊಂಡ. ಶಿಕ್ಷೆಯೊಂದೇ ಬಾಕಿ. ಸರ್ಕಾರಿ ವಕೀಲರಿಂದ ವರ್ಡೀಗೆ ಮೂರು ಕಾಗದ ಬಂದವು. ಮೂರನ್ನೂ ಫ್ರಿಜ್ಜಿನ ಮೇಲೆ ಎಸೆದಿದ್ದಳು.

"ಅವ್ನ ಅಮ್ಮ ನಾನ್ ಅಂಚೆ ಹಾಕೋ ದಾರೀಲೇ ಇರೋದು ಕಣೇ. ದಿನಾ ಕಿಟಕೀಲಿ ನಿಂತಿರ್ತಾಳೆ. ಸುಮ್ನೆ ಜೈಲಿಗೆ ಹಾಕಿದ್ರೆ ಚಟ ಹೋಗುತ್ತಾ? ಆ ವಕೀಲಮ್ಮ ನನ್ ಪರ ತಾನೆ? ಕೇಸ್ ಬಿಟ್ಬಿಡಿ ಅಂತ ಹೇಳಿ ಬರ್ತೀನಿ," ಅಂದಳು ಒಂದು ದಿನ.

"ನೀನ್ ಬಿಡು ಅಂದ ತಕ್ಷಣ ಬಿಡೋಕೆ ಅದೇನು ನಿನ್ ಮನೆ ದನಾನಾ?" ಅಂದೆ. ಕೇಳಿದರೆ ತಾನೆ! ಬರಿಗೈಯಲ್ಲಿ ಯಾರ ಬಾಗಿಲಿಗೂ ಹೋಗದ ಊರು ನಮ್ಮದು. ಸೇಬಿನ ಹೂರಣದ ಸಿಹಿ ಪೈ ಬೇಯಿಸಿಕೊಂಡು ಮಹಡಿ ಹತ್ತಿ ವಕೀಲಮ್ಮನ ಕಚೇರಿಗೆ ಹೊರಟೇಬಿಟ್ಟಳು. ನಾನೂ ಹಿಂದೆಯೇ ಹೋದೆ.

ಸರ್ಕಾರಿ ವಕೀಲೆ ಲೊರೇನ್ ಸೈಜ್‌ಮೋರ್ ಪೈ ನೋಡಿ ನಕ್ಕು, ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಒಂದ್ ಚೂರೂ ತಗೊಳ್ಳೋ ಹಾಗಿಲ್ಲಮ್ಮಾ. ನಾಳೆ ಅವನ ಅಮ್ಮನೂ ಒಂದು ತಂದ್ರೆ?"

"ಅಯ್ಯೋ, ನೀವು ನನ್ ವಕೀಲ್ರಲ್ವಾ?"

"ಅಲ್ಲ, ನಾನು ಇಡೀ ದೇಶದ ಪರ. ನೀವು ಬಿಡಿ ಅಂದ್ರೆ ಕೇಸ್ ನಿಲ್ಲಲ್ಲ. ಅದು ಒಳ್ಳೇದೇ. ಯಾರೂ ನಿಮ್ಮನ್ನ ಹೆದರಿಸಿ ಕೇಸ್ ವಾಪಸ್ ತೆಗೆಸೋಕಾಗಲ್ಲ. ಆದ್ರೆ ಶಿಕ್ಷೆ ಹಾಕೋ ಮೊದ್ಲು ಜಡ್ಜ್ ಮುಂದೆ ಮಾತಾಡೋ ಹಕ್ಕು ನಿಮಗಿದೆ. ಆ ದಿನ ಯಾವತ್ತು ಅಂತ ತಿಳಿಸೋದು ನಮ್ ಕೆಲಸ. ಮೂರ್ ಸಲ ಬರೆದಿದ್ವಲ್ಲ?"

ವರ್ಡೀ ಸೂರು ನೋಡಿದಳು. "ಯಾವತ್ತು?"

"ನಾಳೆ ಬೆಳಿಗ್ಗೆ ಹತ್ತಕ್ಕೆ."

ಇನ್ನೊಂದು ದಿನ ತಡವಾಗಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು!

"ಏನ್ ಹೇಳ್ಲಿ?"

"ಅದನ್ನ ನಾನ್ ಹೇಳ್ಕೊಡಲ್ಲ. ನಿಂತು ಮಾತಾಡೋಕೆ ಭಯ ಆದ್ರೆ ಬರೆದು ಕೊಡಿ."

ಮಾರನೆಯ ದಿನ ವರ್ಡೀ ನಿಂತೇ ಮಾತಾಡಿದಳು. "ಸ್ವಾಮೀ, ಅವನು ನನ್ನ ಎಳೆದು ಹಾಕಿದ ತಿರುವು ಬಂದ್ರೆ ಈಗ್ಲೂ ಕಾರಿನ ಬಾಗಿಲು ಲಾಕ್ ಮಾಡ್ಕೋತೀನಿ. ಶಿಕ್ಷೆ ಬೇಡ ಅನ್ನಲ್ಲ. ಆದ್ರೆ ಚಟ ಬಿಡಿಸೋ ಕಡೆ ಕಳ್ಸಿ. ಅವನು ವಾಪಸ್ ಬಂದ ಮೇಲೆ ಅವನಮ್ಮನ ಮನೆಗೆ ಅಂಚೆ ಹಾಕೋಳು ನಾನೇ."

ಅಲ್ಲಿಯವರೆಗೆ ತಲೆ ತಗ್ಗಿಸಿದ್ದ ಡೆಲ್ಬರ್ಟ್ ಅವಳತ್ತ ತಿರುಗಿ ಅತ್ತ. ಜಡ್ಜ್ ಆರು ವರ್ಷ ಜೈಲು ಶಿಕ್ಷೆ ವಿಧಿಸಿದರು. ಚಟ ಬಿಡಿಸುವ ಚಿಕಿತ್ಸೆ ಇರುವ ಜೈಲಿಗೇ ಕಳಿಸಬೇಕೆಂದು ಶಿಫಾರಸು ಬರೆದರು.

ನೀವೂ ಏಟು ತಿಂದವರೇ? ಸರ್ಕಾರಿ ವಕೀಲರ ಕಾಗದ ಬಂದರೆ ಅವತ್ತೇ ಒಡೆದು ಓದಿ. ಅರ್ಥವಾಗದಿದ್ದರೆ ಫೋನ್ ಮಾಡಿ, ಶಿಕ್ಷೆಯ ದಿನ ಯಾವತ್ತೆಂದು ಕೇಳಿ. ತೀರ್ಪು ಜಡ್ಜ್ ಕೊಡುತ್ತಾರೆ, ಕೇಸು ಸರ್ಕಾರ ನಡೆಸುತ್ತದೆ. ನಿಮಗೇನಾಯಿತು ಎಂಬುದನ್ನು ಮಾತ್ರ ನೀವೇ ಹೇಳಬೇಕು. ಹೋಗಿ, ಹೇಳಿ.